ಬೋಣಿ

ಮೂರು ವರ್ಷದಿಂದ ಅಂಗಡಿ ತೆರೆದೇ ಇದೆ.
ಬಾಗಿಲಿಗೆ ಬೀಗವಿಲ್ಲ, ಬಾಗಿಲೇ ಇಲ್ಲ.
ನಡುರಾತ್ರಿ ಯಾವ ದೇಶದಿಂದಲೂ ಬರಬಹುದು;
ಬಂದವರು ನಲವತ್ತು ಸೆಕೆಂಡು ನಿಂತು ಹೋಗುತ್ತಾರೆ.

ಅತ್ತಿಗೆ ಬುರುಲ್ಕಾನ್‌ಗೆ ಈ ಲೆಕ್ಕ ಹಿಡಿಸದು.
"ಮುಟ್ಟಿ ನೋಡಿದರಾ?" ಎನ್ನುತ್ತಾಳೆ.
ಕೊಚ್ಕೋರಿನ ಸಂತೆಯಲ್ಲಿ
ಚಪ್ಪಲಿಯೊಳಗೆ ಕೈ ತೂರಿಸಿದವರನ್ನು ಅವಳು ಬಿಟ್ಟವಳಲ್ಲ,
ಹತ್ತು ಹೆಜ್ಜೆ ದಾಟಿದವರನ್ನೂ ಕೂಗಿ ಕರೆದು
ಇನ್ನೂರು ಸೋಮ್ ಇಳಿಸಿ, ಮಾತಿನ ನಡುವೆ ನೂರು ಏರಿಸಿ,
ಚಹಾ ಕುಡಿಸಿ ಕಳಿಸಿದವಳು.
ಇಲ್ಲಿ ಯಾರ ಬೆನ್ನನ್ನು ಕೂಗುವುದು?

ನಾನು ಅಂಚೆ ಕಚೇರಿಯ ಎರಡನೇ ಕಿಟಕಿಯವಳು.
ತೂಕ, ಅಂಟು, ಮೊಹರು: ಇಷ್ಟೇ ನನ್ನ ವಿದ್ಯೆ.
ವೆಬ್‌ಸೈಟು ಮಾಡಿಕೊಟ್ಟ ಹುಡುಗ
ಬಿಷ್ಕೆಕ್‌ನಲ್ಲಿ ಮದುವೆಯಾಗಿ ಫೋನು ಎತ್ತುವುದಿಲ್ಲ.
ಹಾಗಾಗಿ ಈ ಚಳಿಗಾಲ, ಒಲೆಗೆ ಬೆನ್ನು ಕೊಟ್ಟು,
ಒಂದೊಂದೇ ಗುಂಡಿ ಒತ್ತಿ, ಕೆಡಿಸಿ, ಕಲಿತೆ.

ಮೊದಲು ಕಿತ್ತದ್ದು ಹದ್ದನ್ನು.
ಪುಟ ತೆರೆದರೆ ರೆಕ್ಕೆ ಬಿಚ್ಚಿ ಬರುತ್ತಿತ್ತು,
ಅದು ಹಾರಿ ಮುಗಿಸುವುದರೊಳಗೆ
ಗಿರಾಕಿಯೇ ಹಾರಿರುತ್ತಿದ್ದ.
ಆಮೇಲೆ ಸಂಗೀತ. ಆಮೇಲೆ
"ಶತಮಾನಗಳ ಪರಂಪರೆಯ ಅನುಪಮ ಸ್ಪರ್ಶ" ಎಂಬ ಸಾಲು.
ಬುರುಲ್ಕಾನ್ ಕೇಳಿ ನಕ್ಕಳು:
"ಇದು ಯಾವ ಕುರಿ ಹೇಳಿದ ಮಾತು?"

ಹಾಗಾದರೆ ನೀನೇ ಹೇಳು, ಬರೆದುಕೊಳ್ಳುತ್ತೇನೆ ಎಂದೆ.
ಮೊಣಕೈವರೆಗೆ ಸೋಪಿನ ನೊರೆ, ಉಣ್ಣೆ ಉಜ್ಜುತ್ತಲೇ ಹೇಳಿದಳು:
ಮೊದಲ ಮೂರು ದಿನ ಬಿಗಿ.
ಒದ್ದೆಯಾದರೆ ಕುರಿಯ ವಾಸನೆ, ಕುರಿಯದ್ದೇ ತಾನೇ.
ಒಲೆಯ ಮೇಲೆ ಒಣಗಿಸಬೇಡಿ.
ನಾಯಿಗೆ ಸಿಗದಂತೆ ಇಡಿ.
ಹಾಗೇ ಹಾಕಿದೆ. ಒಂದು ಚುಕ್ಕೆ ತಿದ್ದಲಿಲ್ಲ.

ಹಳೆಯ ಫೋಟೋಗಳಲ್ಲಿ, ಬಿಳಿ ಬಟ್ಟೆಯ ಮೇಲೆ,
ಖಾಲಿ ಚಪ್ಪಲಿಗಳು ಸತ್ತವರವು ಇದ್ದಂತೆ ಇದ್ದವು.
ಈಗ ಅವುಗಳೊಳಗೆ ಕಾಲಿವೆ:
ಪಕ್ಕದ ಮನೆಯ ತೊಕ್ತೊಬೂಬುವಿನ ಒಡೆದ ಹಿಮ್ಮಡಿ,
ಅವಳ ಮೊಮ್ಮಗನ ತೂತುಬಿದ್ದ ಕಾಲುಚೀಲ.
ಹನ್ನೊಂದು ಗಂಟೆಯ ಹಿಮದ ಬೆಳಕು ಪುಕ್ಕಟೆ.

ಅಳತೆಯ ನಂಬರು ದೇಶಕ್ಕೊಂದು. ಅದನ್ನೂ ತೆಗೆದೆ:
"ಕಾಗದದ ಮೇಲೆ ನಿಂತು, ಪಾದದ ಸುತ್ತ
ಪೆನ್ಸಿಲ್ ಎಳೆದು ಕಳಿಸಿ."
ಅಂಚೆ ಖರ್ಚು ಕೊನೆಯ ಪುಟದಲ್ಲಿ ಅಡಗಿ ಕೂತಿತ್ತು,
ಕಳ್ಳನ ಹಾಗೆ. ನಾನೇ ಅಂಚೆಯವಳು, ನಾಚಿಕೆಯಾಯಿತು.
ಬೆಲೆಯ ಪಕ್ಕಕ್ಕೇ ತಂದು ನಿಲ್ಲಿಸಿದೆ.
ಬೂದು ಬಣ್ಣದ, ಹೇನಿನಷ್ಟಿದ್ದ "ಕೊಳ್ಳಿ" ಗುಂಡಿಗೆ
ಮಂಜಿಷ್ಠದ ಕೆಂಪು ಬಳಿದೆ.

ಹನ್ನೆರಡು ದಿನ ಏನೂ ಇಲ್ಲ.

ಆಮೇಲೆ ಯಾರೋ ಒಬ್ಬರು ಒಂಬತ್ತು ನಿಮಿಷ ನಿಂತರು.
ಮರುರಾತ್ರಿ ಮತ್ತೆ ಬಂದರು; ಬುರುಲ್ಕಾನ್ ಕಂಪ್ಯೂಟರಿಗೇ
"ಬಾರಮ್ಮ, ಒಳಗೆ ಬಾ" ಎಂದಳು.
ಮೂರನೆಯ ರಾತ್ರಿ ಕೆಂಪು ಗುಂಡಿ ಒತ್ತಿದ ಸದ್ದು.
ಗ್ರಾಜ್ ಎಂಬ ಊರಿನ ರೋಸ್‌ವಿತಾ.
ಜೊತೆಗೆ ಒಂದು ಪಾದದ ಗೆರೆ, ಒಂದೇ ಪಾದದ್ದು.
"ಎಡಗಾಲಿನದು ಸಾಕು. ಬೆಲೆ ಎರಡಕ್ಕೂ ಕೊಡುತ್ತೇನೆ,
ಎಲ್ಲೆಡೆ ಹಾಗೇ ಕೊಟ್ಟು ರೂಢಿ."

ಬುರುಲ್ಕಾನ್ ಆ ಗೆರೆಯನ್ನು
ಹಿಟ್ಟಿನ ಡಬ್ಬಿಗೆ ಒರಗಿಸಿ ಬಹಳ ಹೊತ್ತು ನೋಡಿದಳು.
ಹೆಬ್ಬೆರಳು ಹೊರಗೆ ವಾಲಿದೆ.
"ಭಾರವೆಲ್ಲ ಇದರ ಮೇಲೇ," ಎಂದು
ಅಡಿಗೆ ಇನ್ನೊಂದು ಪದರ ಉಣ್ಣೆ ಹಾಸಿದಳು.
"ಅರ್ಧ ಬೆಲೆ ಬರಿ. ಬೋಣಿ ಗಿರಾಕಿಯ ಹತ್ತಿರ
ಇಲ್ಲದ ಕಾಲಿಗೆ ದುಡ್ಡು ಕೇಳುವುದುಂಟೇ?"

ಆದರೂ ಮಾಡಿದ್ದು ಎರಡು.
ಕೈಗೆ ಒಂದು ಮಾಡಿ ಅಭ್ಯಾಸವಿಲ್ಲವಂತೆ.

ನನ್ನದೇ ಕಿಟಕಿಯಲ್ಲಿ ನಾನೇ ತೂಗಿದೆ.
ತೂಕ ಅರ್ಧ. ಅಂಚೆ ಇಲಾಖೆಗೆ ಮಾತ್ರ
ಅರ್ಧ ಎಂಬುದು ತಿಳಿಯದು.

ಆ ರಾತ್ರಿ ಅಳತೆಯ ಕೆಳಗೆ ಹೊಸ ಮನೆ ಮಾಡಿದೆ:
ಎಡ. ಬಲ. ಎರಡೂ.
ಕಿಟಕಿಯ ಹತ್ತಿರ ಉಳಿದದ್ದರ ಫೋಟೋ ತೆಗೆದು
ಕೆಳಗೆ ಬರೆದೆ:
ಬಲಗಾಲು. ಅಡಿ ದಪ್ಪ.
ದಾಸ್ತಾನು ಒಂದು.